ಮುಟ್ಟಿದ ಕೈಗೆ ಏನು ಗೊತ್ತು?

ಶುಶ್ರೂಷೆ ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡಬೇಕು. ಸಂಸ್ಕೃತ ಬಲ್ಲವರನ್ನು ಕೇಳಿದರೆ ಹೇಳುತ್ತಾರೆ: 'ಶ್ರು' ಅಂದರೆ ಕೇಳು, ಶುಶ್ರೂಷೆ ಅಂದರೆ ಕೇಳಬೇಕೆಂಬ ಆಸೆ. ಎಷ್ಟು ಚಂದದ ಮಾತು! ಆದರೆ ಈ ಮಾತು ಮನುವಿನ ಕೈಗೆ ಸಿಕ್ಕಿದಾಗ ಏನಾಯಿತು? ಮನುಸ್ಮೃತಿಯ ಮೊದಲನೇ ಅಧ್ಯಾಯದಲ್ಲೇ ನಾಲ್ಕು ವರ್ಣಗಳಿಗೆ ಕೆಲಸ ಹಂಚುತ್ತಾರೆ. ಓದು, ಯಜ್ಞ, ಆಳ್ವಿಕೆ, ವ್ಯಾಪಾರ ಎಲ್ಲ ಮೇಲಿನ ಮೂವರಿಗೆ ಹಂಚಿ ಮುಗಿದ ಮೇಲೆ ಶೂದ್ರನ ಪಾಲಿಗೆ ಒಂದೇ ಒಂದು ಕೆಲಸ ಉಳಿಯುತ್ತದೆ. ಆ ಮೂವರ ಶುಶ್ರೂಷೆ. ಅದನ್ನೂ ಹೊಟ್ಟೆಕಿಚ್ಚಿಲ್ಲದೆ ಮಾಡಬೇಕಂತೆ. ಕೇಳುವ ಆಸೆ ಹೋಯಿತು, ಹೇಳಿದ್ದನ್ನು ಕೇಳುವ ಬಲವಂತ ಬಂತು.

ನಾವಾದರೋ ಆ ನಾಲ್ಕರಲ್ಲೂ ಇಲ್ಲದವರು. ಶೂದ್ರನಿಗೆ ಮುಟ್ಟಿ ಸೇವೆ ಮಾಡುವ ಅಪ್ಪಣೆಯಾದರೂ ಇತ್ತು. ನಮಗೆ ಸಿಕ್ಕಿದ್ದು ಮುಟ್ಟದೆ ಸೇವೆ ಮಾಡುವ ಶಿಕ್ಷೆ.

ಇವತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಿಗೆ 'ಶುಶ್ರೂಷಾಧಿಕಾರಿ' ಅನ್ನುತ್ತಾರೆ. ಹಳೆಯ ಮಾತಿಗೆ 'ಅಧಿಕಾರಿ' ಎಂಬ ಬಾಲ ಕಟ್ಟಿದರೆ ತಲೆಯೊಳಗೆ ಕೂತ ಮನು ಎದ್ದು ಹೋಗುತ್ತಾನಾ? ನನಗೆ ನಂಬಿಕೆ ಇಲ್ಲ. ಆದರೆ ಈ ಬರಹ ಬರೀ ಶಬ್ದದ ಜಗಳಕ್ಕಾಗಿ ಅಲ್ಲ. ಪ್ರಶ್ನೆ ಇದು: ಇನ್ನೊಂದು ಮೈಯನ್ನು ಮುಟ್ಟಿ, ತೊಳೆದು, ಹೊರಳಿಸಿ, ಉಣ್ಣಿಸಿ ಬರುವ ತಿಳಿವು ವಿದ್ಯೆ ಹೌದೋ ಅಲ್ಲವೋ? ಹೌದು ಅಂತಾದರೆ ಅದರ ಪದವಿ ಯಾರಿಗೆ, ಕೂಲಿ ಯಾರಿಗೆ, ಚರಿತ್ರೆಯಲ್ಲಿ ಹೆಸರು ಯಾರಿಗೆ?

ಇದನ್ನು ಕೇಳುವುದಕ್ಕೆ ಪರ್ಕಳದಷ್ಟು ತಕ್ಕ ಜಾಗ ಇನ್ನೊಂದಿಲ್ಲ. ನಮ್ಮ ಊರಿನಿಂದ ಈಶ್ವರನಗರದ ಏರು ಹತ್ತಿದರೆ ಮಣಿಪಾಲ. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಆ ಬೋಳುಗುಡ್ಡೆಯ ಮೇಲೆ ಕಸ್ತೂರಬಾ ಮೆಡಿಕಲ್ ಕಾಲೇಜು ತೆರೆದರು. 1990ರಲ್ಲಿ ನರ್ಸಿಂಗ್ ಕಾಲೇಜು ಬಂತು. ಈಗ ಅಲ್ಲಿ ಬಿ.ಎಸ್ಸಿ. ಇದೆ, ಎಂ.ಎಸ್ಸಿ. ಇದೆ, ಪಿಎಚ್.ಡಿ. ಇದೆ. ಮೈ ಒರೆಸುವುದರ ಮೇಲೆ, ಬೆನ್ನಿನ ಹುಣ್ಣಿನ ಮೇಲೆ, ಸಾಯುವವರ ಪಕ್ಕ ಕೂರುವುದರ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆಯುವ ಕಾಲ ಬಂದಿದೆ. ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ, ಗೆಳೆಯರೆ. ಮೈಲಿಗೆ ಎಂದು ಸಾವಿರಾರು ವರ್ಷ ಮೂಗು ಮುಚ್ಚಿಕೊಂಡ ಕೆಲಸವನ್ನು ವಿಶ್ವವಿದ್ಯಾಲಯ ವಿದ್ಯೆ ಅಂತ ಒಪ್ಪಿಕೊಂಡದ್ದು ಸಣ್ಣ ಸಂಗತಿ ಅಲ್ಲ. ಬೆಳಗ್ಗಿನ ಮೊದಲ ಬಸ್ಸಿನಲ್ಲಿ ಅದೇ ಏರು ಹತ್ತುವ ನಮ್ಮ ಕಡೆಯ ಹೆಂಗಸರು ಆ ವಿದ್ಯೆಯಲ್ಲಿ ಎಲ್ಲಿದ್ದಾರೆ ಅನ್ನುವುದೇ ನನ್ನ ತಕರಾರು.

ನರ್ಸಿಂಗ್ ಪಠ್ಯಪುಸ್ತಕಗಳಲ್ಲಿ ಚರಿತ್ರೆಯ ಅಧ್ಯಾಯ ಹೇಗೆ ಸುರುವಾಗುತ್ತದೆ ಅಂತ ಗೊತ್ತುಂಟಾ? ಚರಕನಿಂದ. ಚಿಕಿತ್ಸೆಗೆ ನಾಲ್ಕು ಕಾಲು ಅಂತ ಚರಕಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವು, ಚುರುಕು, ಅನುರಾಗ, ಶುಚಿ ಎಂಬ ನಾಲ್ಕು ಗುಣ ಬೇಕು. ಇಲ್ಲಿಗೆ ಪುಸ್ತಕದವರು ಹೆಮ್ಮೆಪಟ್ಟು ನಿಲ್ಲಿಸಿ, ಒಂದೇ ಜಿಗಿತಕ್ಕೆ ಕ್ರಿಮಿಯಾ ಯುದ್ಧದ ಫ್ಲಾರೆನ್ಸ್ ನೈಟಿಂಗೇಲಳ ಹತ್ತಿರ ಹೋಗುತ್ತಾರೆ. ಆದರೆ ಮೂಲದಲ್ಲಿ ಆ ಅನುರಾಗ ರೋಗಿಯ ಮೇಲಿನದ್ದು ಅಂತ ಇಲ್ಲ. ಅಲ್ಲಿರುವ ಮಾತು ಭರ್ತೃ. ಅಂದರೆ ಒಡೆಯ, ಸಾಕುವ ಧಣಿ. ಪರಿಚಾರಕ ಬೇರೆ ಯಾರೂ ಅಲ್ಲ, ಧಣಿಯ ಆಳು. ಆಳಿನ ನಿಯತ್ತನ್ನೇ ನಾವು ವೃತ್ತಿಧರ್ಮ ಅಂತ ಓದುತ್ತಿದ್ದೇವೆ.

ಇನ್ನೊಂದು ವಿಷಯ. ಅದೇ ಧರ್ಮಶಾಸ್ತ್ರ ವೈದ್ಯನನ್ನೂ ಬಿಡಲಿಲ್ಲ. ವೈದ್ಯನ ಮನೆಯ ಅನ್ನ ಕೀವಿಗೆ ಸಮ ಅಂತ ಮನು ಹೇಳಿದ. ಶ್ರಾದ್ಧದ ಪಂಕ್ತಿಯಿಂದ ಅವನನ್ನು ಎಬ್ಬಿಸಿದ. ಯಾಕೆ? ಅವನು ಎಲ್ಲರ ಮೈ ಮುಟ್ಟುತ್ತಾನೆ. ದೇವಿಪ್ರಸಾದ್ ಚಟ್ಟೋಪಾಧ್ಯಾಯರು 1977ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನೇ ಹಿಡಿದು ವಾದಿಸಿದರು. ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿಯುವ ವಿದ್ಯೆಗೆ ಈ ದೇಶದಲ್ಲಿ ಬೇಲಿ ಹಾಕಿದ್ದು ಪುರೋಹಿತಶಾಹಿ ಅಂತ. ಮುಟ್ಟುವ ವೈದ್ಯನಿಗೇ ಈ ಗತಿಯಾದರೆ ಮಲ ತೆಗೆದವಳ ಗತಿ ಏನು?

ಅವಳನ್ನು ಹುಡುಕಬೇಕಾದರೆ ಗ್ರಂಥ ಬಿಟ್ಟು ಊರಿಗೆ ಬರಬೇಕು. ಹೆರಿಗೆ ಎಂದರೆ ನಮ್ಮ ತುಳುನಾಡಿನಲ್ಲಿ ಅಮೆ. ಸಾವಿಗೆ ಸೂತಕ ಹೇಗೋ ಹುಟ್ಟಿಗೆ ಅಮೆ ಹಾಗೆ. ಹೆತ್ತ ಹೆಂಗಸನ್ನು ಹೆತ್ತ ತಪ್ಪಿಗೆ ಮೂಲೆಗೆ ಕೂರಿಸುವುದು. ಅವಳ ಬಟ್ಟೆಯನ್ನು ಮನೆಯವರು ಮುಟ್ಟುವುದಿಲ್ಲ, ಮಡಿವಾಳಗಿತ್ತಿ ಬರಬೇಕು. ಹೊಕ್ಕುಳುಬಳ್ಳಿ ಕೊಯ್ಯುವವಳು, ಕಸ ಹೂಳುವವಳು, ಬಾಣಂತಿಯನ್ನು ಮೀಸುವವಳು, ಇವರೆಲ್ಲ ಆ ಹೊತ್ತಿಗೆ ಬೇಕು, ಅಮೆ ಕಳೆದ ಮೇಲೆ ಬೇಡ. ಮಗುವಿನ ಮೈಗೆ ಮೊದಲು ತಾಗಿದ ಕೈ ಅವಳದ್ದು. ಅದೇ ಮಗು ನಡೆಯಲು ಕಲಿತ ಮೇಲೆ ಅವಳನ್ನು ಕಂಡರೆ ದೂರ ನಿಲ್ಲಬೇಕು ಅಂತ ಅದಕ್ಕೆ ಕಲಿಸುತ್ತಿದ್ದರು.

ಕೊರಗರ ಕತೆ ಇನ್ನೂ ಕ್ರೂರ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ತಮ್ಮ ಮನೆಯ ರೋಗ, ಪೀಡೆ ಅವರಿಗೆ ದಾಟಿಹೋಗುತ್ತದೆ ಅಂತ ನಂಬಿದ ಊರು ಇದು. ಅದಕ್ಕೆ ಅಜಲು ಅಂತ ಹೆಸರು. 2000ದಲ್ಲಿ ಕರ್ನಾಟಕ ಸರ್ಕಾರ ಅಜಲು ಪದ್ಧತಿ ನಿಷೇಧಿಸಿ ಕಾಯ್ದೆ ಮಾಡಿತು. ಕೂದಲು, ಉಗುರು ಬೆರೆಸಿ ತಿನ್ನಿಸುವುದು ಅಪರಾಧ ಅಂತ ಆ ಕಾಯ್ದೆಯಲ್ಲೇ ಬರೆಯಬೇಕಾಯಿತು. ಇಪ್ಪತ್ತೊಂದನೇ ಶತಮಾನದ ಹೊಸ್ತಿಲಲ್ಲಿ, ಉಡುಪಿಯಂಥ ಅಕ್ಷರಸ್ಥ ಜಿಲ್ಲೆಗೆ! ಇದನ್ನು ನಾನು ನರ್ಸಿಂಗ್ ಚರಿತ್ರೆಯ ಒಂದು ಅಧ್ಯಾಯ ಅಂತಲೇ ಓದುತ್ತೇನೆ. ರೋಗಿಯ ನೋವನ್ನು ಇನ್ನೊಬ್ಬರು ಹೊರುವುದೇ ಆರೈಕೆ ಅಂತಾದರೆ, ಅದನ್ನು ತಲೆಕೆಳಗು ಮಾಡಿದ ಊರು ಇದು. ನೋವು ಹೊರುವವನಿಗೆ ಗೌರವ ಇಲ್ಲ, ಅನ್ನದಲ್ಲಿ ಉಗುರು.

ಈಗ ಒಂದು ಥರ್ಮಾಮೀಟರಿನ ಕತೆ ಹೇಳಬೇಕು. ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ದಾಖಲಿಸಿದ್ದಾರೆ. ಮೂಲದಲ್ಲಿ ಇದು 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಒಂದು ಕಾಗದ. ಬರೆದವನು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾಮಾಸ್ತರ. ಈ ಪತ್ರಿಕೆ ಓದುವ ಹಳ್ಳಿಯ ಮಾಸ್ತರುಗಳು ಇದನ್ನು ನಿಧಾನಕ್ಕೆ ಓದಬೇಕು. ಅವನ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಎದೆ ಕಟ್ಟಿತು, ಉಸಿರು ಸಿಕ್ಕುತ್ತಿಲ್ಲ. ಡಾಕ್ಟರನ್ನು ಕರೆದರೆ ಕೇರಿಯೊಳಗೆ ಬರುವುದಿಲ್ಲ ಅಂದ. ಊರಿನ ದೊಡ್ಡವರನ್ನು ಹಿಡಿದು, ಎರಡು ರೂಪಾಯಿ ಫೀಜು ಒಪ್ಪಿಸಿ ಕರೆತಂದರು. ಆಗಲೂ ಕೇರಿಯ ಹೊರಗೆ ನಿಂತ. ಎರಡು ದಿನದ ಬಾಣಂತಿಯನ್ನೇ ಅವನಿದ್ದಲ್ಲಿಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನ ಕೈಗೆ ಕೊಟ್ಟ. ಗಂಡ ಹೆಂಡತಿಗೆ ಇಟ್ಟ. ಹಾಗೇ ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ವಾಪಸು ಹೋಯಿತು. ಡಾಕ್ಟರು ದೀಪದ ಬೆಳಕಿಗೆ ಹಿಡಿದು ನೋಡಿ ನ್ಯುಮೋನಿಯಾ ಅಂದ, ಹೋದ. ಮತ್ತೆ ಕರೆದರೆ ಬರಲಿಲ್ಲ. ಆಕೆ ಸತ್ತಳು. ಮಾಸ್ತರ ತನ್ನ ಹೆಸರನ್ನೂ ಬರೆಯಲಿಲ್ಲ, ಡಾಕ್ಟರ ಹೆಸರನ್ನೂ ಬರೆಯಲಿಲ್ಲ. ಭಯ.

ಈ ಕತೆಯನ್ನು ಅಮಾನುಷ ಅಂತ ಬೈದು ಮುಗಿಸಿದರೆ ಅರ್ಧ ಮಾತ್ರ ಓದಿದ ಹಾಗೆ. ಅದರೊಳಗೆ ತಿಳಿವಿನ ಬಗ್ಗೆ ಒಂದು ಸಿದ್ಧಾಂತವೇ ಇದೆ. ಮುಟ್ಟದೆ ತಿಳಿಯಬಹುದು, ದೂರ ನಿಂತು, ನಡುವೆ ಎರಡು ಕೈ ಇಟ್ಟು, ಗಾಜಿನ ಕಡ್ಡಿಯಲ್ಲಿ ಬರೆದದ್ದನ್ನು ಓದಿದರೆ ಸಾಕು, ಅದೇ ವಿದ್ಯೆ ಅನ್ನುವ ಸಿದ್ಧಾಂತ. ಕಡ್ಡಿ ಹಿಡಿದು ಹೊತ್ತ ಕೈಗಳಿಗೆ ಏನೂ ಗೊತ್ತಿಲ್ಲ ಅಂತ ಅದರ ಅರ್ಥ. ಆದರೆ ಆ ಗಂಡನ ಕೈಗೆ ಗೊತ್ತಿತ್ತು. ಹೆಂಡತಿಯ ಮೈ ಕೆಂಡವಾಗಿದೆ ಅಂತ ಪಾದರಸಕ್ಕಿಂತ ಮುಂಚೆ ಅವನಿಗೆ ಗೊತ್ತಿತ್ತು.

ಜಾತಿ ಅಂದರೆ ಬರೀ ಊಟದ, ಮದುವೆಯ ಕಟ್ಟಲೆ ಅಂತ ನಾವು ತಿಳಿಯುತ್ತೇವೆ. ಯಾರ ತಿಳಿವು ತಿಳಿವು, ಯಾರದ್ದು ಬರೀ ಕಸಬು ಅಂತ ಗೆರೆ ಎಳೆಯುವ ಕಟ್ಟಲೆಯೂ ಅದೇ. ಗೋಪಾಲ ಗುರು 2002ರಲ್ಲಿ ಬರೆದ ಲೇಖನವೊಂದರಲ್ಲಿ ನಮ್ಮ ಸಮಾಜವಿಜ್ಞಾನದೊಳಗೂ ಇದೇ ವರ್ಣವ್ಯವಸ್ಥೆ ಇದೆ ಅಂದರು: ಸಿದ್ಧಾಂತ ಕಟ್ಟುವ ಬ್ರಾಹ್ಮಣರು ಒಂದು ಕಡೆ, ಮಾಹಿತಿ ಹೊರುವ ಶೂದ್ರರು ಇನ್ನೊಂದು ಕಡೆ. ಅವರೂ ಸುಂದರ್ ಸರುಕ್ಕೈ ಅವರೂ ಈ ಚರ್ಚೆಯನ್ನು ಬೆಳೆಸಿ 2012ರಲ್ಲಿ ಪುಸ್ತಕವಾಗಿ ತಂದರು. ಸರುಕ್ಕೈ ಅವರು ಮಣಿಪಾಲದಲ್ಲೇ ತತ್ತ್ವಶಾಸ್ತ್ರದ ಕೇಂದ್ರ ಕಟ್ಟಿದವರು. ಮುಟ್ಟುವುದರ ತತ್ತ್ವದ ಬಗ್ಗೆ ಬರೆದವರೂ ಹೌದು. ನಮ್ಮ ಗುಡ್ಡದ ಮೇಲೆ ಒಂದು ಕಟ್ಟಡದಲ್ಲಿ ಸ್ಪರ್ಶದ ತತ್ತ್ವ, ಇನ್ನೊಂದು ಕಟ್ಟಡದಲ್ಲಿ ಸ್ಪರ್ಶದ ಕೆಲಸ. ನಡುವೆ ದಾರಿ ಉಂಟಾ ಅಂತ ನನಗೆ ಕುತೂಹಲ.

ನಮ್ಮ ಅಪ್ಪೆ (ತುಳುವಿನಲ್ಲಿ ತಾಯಿಗೆ ಅಪ್ಪೆ) ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಆಯಾ ಕೆಲಸ ಮಾಡಿದಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಎಲ್ಲ ಕಡೆ ಕತೆ ಒಂದೇ. ಅವಳು ಶಾಲೆಗೆ ಹೋದವಳಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ಹೊರಳಿಸುವಾಗ ಅವಳು ಟೊಂಕದ ಕೆಳಗೆ, ಹಿಮ್ಮಡಿಯ ಹತ್ತಿರ ಅಂಗೈ ಹಿಂಭಾಗ ಇಟ್ಟು ನೋಡುತ್ತಿದ್ದಳು. ಬಿಸಿ ಇದ್ದರೆ, ಚರ್ಮ ಗಟ್ಟಿಯಾಗಿದ್ದರೆ, "ಸಿಸ್ಟ್ರೇ, ಈ ಅಜ್ಜರಿಗೆ ಎರಡು ದಿನದಲ್ಲಿ ಇಲ್ಲಿ ಹುಣ್ಣಾಗ್ತದೆ" ಅನ್ನುತ್ತಿದ್ದಳು. ಹುಣ್ಣಾಗುತ್ತಿತ್ತು. ನಾನು ಒಮ್ಮೆ, ಕೆಂಪಾದದ್ದು ಕಂಡರೆ ಗೊತ್ತಾಗುವುದಿಲ್ಲವಾ ಅಂತ ಕೇಳಿದೆ. "ನಮ್ಮಂಥ ಕಪ್ಪು ಮೈಯಲ್ಲಿ ಕೆಂಪು ಎಲ್ಲಿ ಕಾಣ್ತದೆ ಮಗಾ? ಮುಟ್ಟಂದೆ ಎಂಚ ಗೊತ್ತಾಪುಂಡು?" ಅಂದಳು. ಮುಟ್ಟದೆ ಹೇಗೆ ಗೊತ್ತಾಗುತ್ತದೆ?

ಆಮೇಲೆ ನಾನು ಓದಿದೆ. ಹಾಸಿಗೆಹುಣ್ಣು ಬರುವ ಅಪಾಯ ಅಳೆಯಲು ಅಮೆರಿಕದ ಬ್ರೇಡನ್ ಮತ್ತು ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸ್ ಸಂಶೋಧಕಿಯರು 1987ರಲ್ಲಿ ಒಂದು ಅಳತೆಪಟ್ಟಿ ಪ್ರಕಟಿಸಿದರು. ಆರು ಅಂಶ, ಒಟ್ಟು 23 ಅಂಕ. ಅಂಕ ಇಳಿದಷ್ಟು ಅಪಾಯ ಹೆಚ್ಚು. ಜಗತ್ತೆಲ್ಲ ಅದನ್ನು ಬಳಸುತ್ತದೆ, ಒಳ್ಳೆಯ ಕೆಲಸವೇ. ಆದರೆ ಹುಣ್ಣಿನ ಮೊದಲ ಹಂತ ಅಂದರೆ ಚರ್ಮ ಕೆಂಪಾಗುವುದು ಅಂತ ಪಠ್ಯಗಳು ಬಹಳ ಕಾಲ ಬಿಳಿ ಚರ್ಮವನ್ನೇ ಮುಂದಿಟ್ಟುಕೊಂಡು ಕಲಿಸಿದವು. ಕಪ್ಪು ಮೈಯಲ್ಲಿ ಆ ಕೆಂಪು ಕಾಣುವುದಿಲ್ಲ, ಬಿಸಿ, ಗಡಸು, ನೋವು ಮುಟ್ಟಿ ನೋಡಬೇಕು ಅಂತ ಸಂಶೋಧನೆ ತಡವಾಗಿ ಹೇಳಿತು. ಕಾಣದೆ ಹೋದ ಮೊದಲ ಹಂತದಿಂದ ಕಪ್ಪು ರೋಗಿಗಳಿಗೆ ಹುಣ್ಣು ಆಳವಾದ ಮೇಲೆಯೇ ಗೊತ್ತಾಗುತ್ತಿತ್ತು. ಪುಸ್ತಕ ತಡವಾಗಿ ಕಲಿತದ್ದು ಅಪ್ಪೆಯ ಅಂಗೈ ಹಿಂಭಾಗದಲ್ಲಿ ಇತ್ತು. ವಾರ್ಡಿನ ಕೇಸ್‌ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅವಳು ಹೇಳಿದ್ದನ್ನು ಸಿಸ್ಟರು ಬರೆದರೆ ಸಿಸ್ಟರ ಮಾತು. ಸಿಸ್ಟರು ಹೇಳಿದ್ದನ್ನು ಡಾಕ್ಟರು ಬರೆದರೆ ಡಾಕ್ಟರ ಮಾತು. ಥರ್ಮಾಮೀಟರು ಕೈಯಿಂದ ಕೈಗೆ ಹೋದ ಹಾಗೆ.

ನರ್ಸಿಂಗ್ ಸಂಶೋಧನೆಯ ಲೋಕದಲ್ಲೇ ಇದನ್ನು ಕಂಡವರು ಇದ್ದಾರೆ ಅಂತ ಹೇಳದಿದ್ದರೆ ಅನ್ಯಾಯ. ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಬರೆದ ಪುಸ್ತಕದ ತಿರುಳೇ ಇದು: ನುರಿತ ನರ್ಸಿನ ತಿಳಿವು ಕೆಲಸದೊಳಗೇ ಹುದುಗಿರುತ್ತದೆ, ನಿಯಮಗಳ ಪಟ್ಟಿಯಲ್ಲಿ ಸಿಗುವುದಿಲ್ಲ, ಹೊಸಬಳು ನಿಯಮ ನೋಡುತ್ತಾಳೆ, ಪಳಗಿದವಳು ರೋಗಿಯನ್ನು ನೋಡುತ್ತಾಳೆ. ಬಹಳ ಸರಿ. ಆದರೆ ಬೆನ್ನರ್ ಮಾತಾಡಿಸಿದ್ದು ನರ್ಸುಗಳನ್ನು. ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಬಕೆಟ್ಟು ಹಿಡಿದು ನಿಂತವಳ ತನಕ ಆ ಸಿದ್ಧಾಂತವನ್ನು ಇಳಿಸಲು ಅಡ್ಡಿ ಏನು? ತರ್ಕದ ಅಡ್ಡಿ ಇಲ್ಲ.

ಈ ಮೆಟ್ಟಿಲಿನ ಚರಿತ್ರೆಯೂ ಸ್ವಲ್ಪ ತಿಳಿಯಬೇಕು. ಇಂಗ್ಲೆಂಡಿನಲ್ಲಿ ನೈಟಿಂಗೇಲ್ ಶಾಲೆ 1860ರಲ್ಲಿ ಸುರುವಾಯಿತು. ಮುಂದೆ ಅಲ್ಲೂ ಹಣ ಕೊಟ್ಟು ಕಲಿಯುವ ಕುಲೀನ ಹೆಂಗಸರು ಬೇರೆ, ಸಾಧಾರಣ ಮನೆಯ ಹುಡುಗಿಯರು ಬೇರೆ ಆದರು. ಇಲ್ಲಿಗೆ ಬರುವಾಗ ವರ್ಗದ ಮೆಟ್ಟಿಲಿಗೆ ಜಾತಿಯ ಸಿಮೆಂಟು ಹಾಕಿದರು. ಮೇಲ್ಜಾತಿಯವರು ಗಂಡಸರ ಮೈ ಮುಟ್ಟುವ, ಮಲಮೂತ್ರ ತೆಗೆಯುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಬಂದವರು ಮಿಶನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹುಡುಗಿಯರು, ವಿಧವೆಯರು, ದಿಕ್ಕಿಲ್ಲದವರು. ಉಡುಪಿಯಲ್ಲಿ ಸ್ವಿಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಬಾಸೆಲ್ ಮಿಶನ್ನಿನ ಆಸ್ಪತ್ರೆ ತೆರೆದರು. ಇವತ್ತಿಗೂ ಅದು ಅವರ ಹೆಸರಲ್ಲೇ ಇದೆ. 1946ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶಕ್ಕೆ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು. ಡಾಕ್ಟರುಗಳು 47,500. ಡಾಕ್ಟರಿಗಿಂತ ನರ್ಸು ಕಡಿಮೆ ಇದ್ದ ದೇಶ! ಬಡತನವೊಂದೇ ಕಾರಣವಾಗಿದ್ದರೆ ಡಾಕ್ಟರುಗಳೂ ಕಡಿಮೆ ಇರಬೇಕಿತ್ತು. ಅದೇ ವರ್ಷ ದಿಲ್ಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗಿಗೆ ಪದವಿ ಬಂತು.

ಹೀನಾಯ ಅನ್ನಿಸಿಕೊಂಡ ಕೆಲಸಕ್ಕೆ ಮಾನ ತರಬೇಕಾದರೆ ಏನು ಮಾಡಬೇಕು? ಎರಡು ದಾರಿ ಉಂಟು. ಕೆಲಸಕ್ಕೇ ಮಾನ ಕೊಡುವುದು ಒಂದು. ಮಾನ ಕಡಿಮೆ ಇರುವ ಕೆಲಸವನ್ನು ಇನ್ನೊಬ್ಬರ ತಲೆಗೆ ದಾಟಿಸುವುದು ಇನ್ನೊಂದು. ಎರಡನೇ ದಾರಿ ಸುಲಭ, ಅಜಲಿನಷ್ಟೇ ಹಳೆಯದು. ನರ್ಸು ಇಂಜೆಕ್ಷನ್ನು, ಚಾರ್ಟು ಹಿಡಿದಳು. ಬೆಡ್‌ಪ್ಯಾನು ಆಯಾಳ ಕೈಗೆ ಹೋಯಿತು. ಕೋಲ್ಕತ್ತಾದ ಆಸ್ಪತ್ರೆ, ನರ್ಸಿಂಗ್ ಹೋಮುಗಳ ಹೆಂಗಸರ ಬಗ್ಗೆ ಪಾಂಚಾಲಿ ರಾಯ್ 2019ರಲ್ಲಿ ತಂದ ಅಧ್ಯಯನ ಇದನ್ನೇ ತೋರಿಸುತ್ತದೆ. ಪ್ರತಿಯೊಬ್ಬಳೂ ತನ್ನ ಕೆಳಗಿನವಳಿಂದ ತಾನು ಬೇರೆ ಅಂತ ತೋರಿಸಿಕೊಂಡೇ ತನ್ನ ಮಾನ ಉಳಿಸಿಕೊಳ್ಳಬೇಕಾದ ವ್ಯವಸ್ಥೆ ಅದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಸಮಾನತೆ ಅಂತ ಬಾಬಾಸಾಹೇಬರು ಜಾತಿಯನ್ನು ವರ್ಣಿಸಿದ್ದು ವಾರ್ಡಿಗೂ ಅಳತೆ ತೆಗೆದ ಹಾಗೆ ಕೂರುತ್ತದೆ. ನರ್ಸು ನಮ್ಮ ಶತ್ರು ಅಲ್ಲ. ಅವಳೂ ತುಳಿಸಿಕೊಂಡವಳು. 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರದ ಸಮಿತಿ ಖಾಸಗಿ ಆಸ್ಪತ್ರೆಯ ನರ್ಸುಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳ ಇರಬೇಕು, 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸಿಗೆ ಸಮ ಇರಬೇಕು ಅಂತ ಶಿಫಾರಸು ಮಾಡಿತು. ಸಾಲ ಮಾಡಿ ಓದಿದ ಯಾವ ಹುಡುಗಿಯನ್ನಾದರೂ ಕೇಳಿ, ಆ ಕಾಗದ ಎಲ್ಲಿದೆ ಅಂತ.

ಇನ್ನು ಸಂಶೋಧನೆ ನಮ್ಮ ಬಾಗಿಲಿಗೆ ಬರುವ ಬಗೆ. ಜಿಲ್ಲೆಯಲ್ಲಿ ನರ್ಸಿಂಗ್ ಕಾಲೇಜಿಗೆ ಬರವಿಲ್ಲ. ವರ್ಷಕ್ಕೆ ಎರಡು ಮೂರು ಸಲ ಹುಡುಗಿಯರು ಪ್ರಶ್ನಾವಳಿ ಹಿಡಿದು ಕಾಲನಿಗೆ ಬರುತ್ತಾರೆ. ಪ್ರಬಂಧಗಳ ಅಚ್ಚು ಹೆಚ್ಚು ಕಡಿಮೆ ಒಂದೇ. ಆಯ್ದ ಹಳ್ಳಿಗಳ ತಾಯಂದಿರಲ್ಲಿ ಇಂಥದರ ಬಗ್ಗೆ ಇರುವ ಜ್ಞಾನ, ಅದರ ಮೇಲೆ ಬೋಧನಾ ಕಾರ್ಯಕ್ರಮದ ಪರಿಣಾಮ. ಮೊದಲು ಪ್ರಶ್ನೆ, ಆಮೇಲೆ ಚಾರ್ಟು ತೋರಿಸಿ ಪಾಠ, ವಾರ ಬಿಟ್ಟು ಮತ್ತೆ ಅದೇ ಪ್ರಶ್ನೆ. ಅಂಕ ಏರುತ್ತದೆ. ಏರಲೇಬೇಕಲ್ಲ, ನಾವೇನು ದಡ್ಡರಾ? ಶೌಚದ ನಂತರ ಸೋಪು ಹಾಕಿ ಕೈ ತೊಳೆಯಬೇಕು ಅಂತ ನಮ್ಮ ಹೆಂಗಸರಿಗೆ ಮೊದಲೇ ಗೊತ್ತಿತ್ತು. ನಳ್ಳಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಅಂತ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಉಡುಪಿ ಪೇಟೆಗೆಲ್ಲ ನೀರು ಕೊಡುವ ಬಜೆ ಅಣೆಕಟ್ಟು ನಮ್ಮ ಪಕ್ಕದ ಸ್ವರ್ಣಾ ನದಿಗೇ ಕಟ್ಟಿದ್ದು, ಅದು ಬೇರೆ ಮಾತು.

ಆ ಹುಡುಗಿಯರನ್ನು ದೂರುವುದಿಲ್ಲ. ಬಿಸಿಲಿಗೆ ಬೆವರಿ, ಭಾಷೆ ಬಾರದೆ, ಗೈಡ್ ಕೊಟ್ಟ ಕಾಲಂ ತುಂಬಿಸಿ ಹೋಗುವವರು ಅವರು. ದೂರು ಆ ಅಚ್ಚಿನ ಮೇಲೆ. ಬಡವರಿಗೆ ಕೊರತೆ ಇರುವುದು ಜ್ಞಾನದ್ದು, ಅದನ್ನು ಮೇಲಿನವರು ತುಂಬಿಸಬೇಕು ಅಂತ ಅದು ಮೊದಲೇ ತೀರ್ಮಾನ ಮಾಡಿಕೊಂಡು ಬರುತ್ತದೆ. ಕೇಳಲು ಬರುವುದಿಲ್ಲ, ಪರೀಕ್ಷೆ ಮಾಡಲು ಬರುತ್ತದೆ. ಶುಶ್ರೂಷೆಯ ಮೊದಲ ಅರ್ಥಕ್ಕೆ ಪೂರ್ತಿ ವಿರುದ್ಧ.

ಬೇರೆ ಬಗೆಯ ಸಂಶೋಧನೆಯೂ ಉಂಟು. 2002ರಲ್ಲಿ ಲಿಂಡಾ ಏಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಆಪರೇಷನ್ ಆದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಮೂವತ್ತು ದಿನದೊಳಗೆ ರೋಗಿ ಸಾಯುವ ಸಂಭವ ಶೇಕಡ 7ರಷ್ಟು ಏರುತ್ತದೆ ಅಂತ ಕಂಡರು. ಎಂಥ ಲೆಕ್ಕ ನೋಡಿ! ರೋಗಿಯ ಜ್ಞಾನವನ್ನು ಅಳೆಯಲಿಲ್ಲ, ಧಣಿಯ ಜಿಪುಣತನವನ್ನು ಅಳೆದರು. ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬಳು ನರ್ಸ್ ಇರಬೇಕು ಅಂತ ನಮ್ಮ ನರ್ಸಿಂಗ್ ಕೌನ್ಸಿಲಿನ ಮಾನದಂಡ ಇದೆ. ನಿಮ್ಮ ಊರಿನ ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಪಾಳಿಗೆ ನಿಂತು ಎಣಿಸಿ. ಎಣಿಸುವುದೂ ಹೋರಾಟವೇ. ನೈಟಿಂಗೇಲ್ ದೀಪ ಹಿಡಿದವಳು ಅಂತ ನಮಗೆ ಶಾಲೆಯಲ್ಲಿ ಕಲಿಸಿದರು. ಅವಳು 1858ರಲ್ಲಿ ಸೈನಿಕರ ಸಾವಿನ ಲೆಕ್ಕವನ್ನು ಬಣ್ಣದ ಚಿತ್ರ ಬರೆದು ಗಾಯಕ್ಕಿಂತ ಕೊಳಕಿನಿಂದ ಸತ್ತವರೇ ಹೆಚ್ಚು ಅಂತ ಸರ್ಕಾರದ ಮುಖಕ್ಕೆ ಹಿಡಿದವಳು ಅಂತ ಕಲಿಸಲಿಲ್ಲ. ದೀಪದ ಹೆಂಗಸು ಯಾರಿಗೂ ಅಪಾಯ ಅಲ್ಲ. ಲೆಕ್ಕದ ಹೆಂಗಸು ಅಪಾಯ.

ಇಷ್ಟು ಬರೆದದ್ದನ್ನು ಕೇಳಿದ ಗೆಳೆಯನೊಬ್ಬ, ನಮ್ಮ ಸಂಘಟನೆಯವನೇ, ಜೋರಾಗಿ ಜಗಳಕ್ಕೆ ಬಿದ್ದ. "ಎಂತ ಮಾರಾಯ, ಬಾಬಾಸಾಹೇಬರು ಹೊಲಸು ಕೆಲಸ ಬಿಡಿ ಅಂದರು. ಸತ್ತ ದನ ಹೊರುವುದು ಬಿಡಿ ಅಂತ ಮಹಾಡದಲ್ಲಿ ಹೇಳಿದರು. ನೀನು ಬೆಡ್‌ಪ್ಯಾನಿನಲ್ಲಿ ತತ್ತ್ವ ಹುಡುಕ್ತೀಯಲ್ಲ! ನಾಳೆ ಅವರೇ ಬಂದು, ನಿಮ್ಮ ಕೈಯಲ್ಲಿ ಜ್ಞಾನ ಉಂಟು, ನೀವೇ ಬಳಿಯಿರಿ ಅಂತಾರೆ."

ಇದು ತಳ್ಳಿಹಾಕುವ ಮಾತಲ್ಲ. ಜಾಡಮಾಲಿ ಕೆಲಸದಲ್ಲಿ ಅಧ್ಯಾತ್ಮ ಕಂಡವರು, ಮಲ ಹೊರುವುದನ್ನು ತಾಯಿಯ ಸೇವೆಗೆ ಹೋಲಿಸಿ ಹಾಡಿಹೊಗಳಿದವರು ಈ ದೇಶದಲ್ಲಿ ಬಹಳ ಇದ್ದರು. ಹೊಗಳಿಕೆಯೂ ಒಂದು ಸಂಕೋಲೆ. 2020ರ ಮಾರ್ಚ್ 22ರಂದು ಇಡೀ ದೇಶ ತಟ್ಟೆ ಬಡಿದು ನರ್ಸುಗಳಿಗೆ ಗೌರವ ಸಲ್ಲಿಸಿತು. ಅದೇ ದಿನಗಳಲ್ಲಿ ಬಾಡಿಗೆ ಮನೆಯಿಂದ ಅವರನ್ನು ಹೊರಹಾಕಿದ ಸುದ್ದಿಗಳೂ ಬಂದವು. ಒಂದು ತಿಂಗಳೊಳಗೆ ಅವರ ಮೇಲಿನ ಹಲ್ಲೆ ತಡೆಯಲು ಕೇಂದ್ರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆಶಾ ಕಾರ್ಯಕರ್ತೆಯರಿಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಗೌರವ ಎಂಬ ಮಾತು ಎಲ್ಲಿ ಜಾಸ್ತಿಯೋ ಅಲ್ಲಿ ದುಡ್ಡು ಕಮ್ಮಿ. 2025ರ ಜನವರಿ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ ಕೇಳಿದ್ದು ಗೌರವವನ್ನಲ್ಲ, ದುಡ್ಡನ್ನು.

ಆದರೂ ಗೆಳೆಯನ ಜೊತೆ ಪೂರ್ತಿ ಒಪ್ಪಲಾರೆ. ಬಾಬಾಸಾಹೇಬರು ಬಿಡಿ ಅಂದದ್ದು ಹುಟ್ಟಿನಿಂದ ಕಟ್ಟಿಹಾಕಿದ, ಕೂಲಿ ಇಲ್ಲದ, ಮಾನ ತೆಗೆಯುವ ಕೆಲಸವನ್ನು. ಮೈಯ ಕೆಲಸವೇ ಕೀಳು ಅಂತ ಅವರು ಹೇಳಲಿಲ್ಲ. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಎದ್ದು ನಿಂತು ಬೆಂಬಲಿಸಿದವರು ಅವರು. ಹೆರುವುದನ್ನು ಅಮೆ ಅಂತ ಮೂಲೆಗೆ ತಳ್ಳಿದ ದೇಶದಲ್ಲಿ, ಅದು ದೇಶದ ಹಿತದ ವಿಷಯ, ಅದರ ಖರ್ಚನ್ನು ಹೊರಬೇಕಾದವರು ಇದ್ದಾರೆ ಅಂದವರು. ಅವರಿಗಿಂತ ಮುಂಚೆ ಸಾವಿತ್ರಿಬಾಯಿ ಫುಲೆ. ಶಾಲೆ ತೆರೆದ ತಾಯಿ ಅಂತ ನಾವು ಫೋಟೋಕ್ಕೆ ಹೂ ಹಾಕುತ್ತೇವೆ. ಆಕೆ ಸತ್ತದ್ದು ಹೇಗೆ? 1897ರ ಪ್ಲೇಗಿನಲ್ಲಿ, ಮಗ ಯಶವಂತನ ಚಿಕಿತ್ಸಾಲಯದಲ್ಲಿ ರೋಗಿಗಳ ಆರೈಕೆಗೆ ನಿಂತು, ಪುಣೆಯ ಹೊರಗಿನ ಮಹಾರ್ ಹುಡುಗನೊಬ್ಬನನ್ನು ಬೆನ್ನಮೇಲೆ ಹೊತ್ತು ತಂದು, ಅದೇ ರೋಗ ತಗುಲಿ, ಮಾರ್ಚ್ 10ರಂದು. ಯಾರೂ ಬಲವಂತ ಮಾಡಿರಲಿಲ್ಲ. ಧಣಿ ಇರಲಿಲ್ಲ. ಅಸ್ಪೃಶ್ಯ ಹುಡುಗನನ್ನು ಬೆನ್ನಿಗೆ ಅಂಟಿಸಿಕೊಂಡ ಆ ನಡೆಗೂ ಕಾಠಿಯಾವಾಡದ ಡಾಕ್ಟರನಿಗೂ ನಡುವೆ ಇರುವ ದೂರವೇ ನಾನು ಹೇಳಬೇಕಾದ ನೀತಿಯ ಪ್ರಶ್ನೆ. ಕೆಲಸ ಒಂದೇ ಇರಬಹುದು, ಅದನ್ನು ಮಾಡಿಸುವುದು ಹುಟ್ಟೋ, ಹೊಟ್ಟೆಯೋ, ಸ್ವಂತ ಮನಸ್ಸೋ ಅನ್ನುವುದರಲ್ಲಿ ಎಲ್ಲ ಇದೆ. ನರ್ಸಿಂಗ್ ಪಠ್ಯದ ಚರಿತ್ರೆಯ ಅಧ್ಯಾಯ ಚರಕನ ಆಳಿನಿಂದ ಸುರುವಾಗುವ ಬದಲು ಈ ಬೆನ್ನಿನಿಂದ ಸುರುವಾದರೆ ಏನು ನಷ್ಟ?

ಹೀಗೆ ಚರಿತ್ರೆ ತಿದ್ದಿದ ಉದಾಹರಣೆ ಬೇರೆ ಕಡೆ ಇದೆ. ಕ್ರಿಮಿಯಾ ಯುದ್ಧಕ್ಕೆ ನರ್ಸಾಗಿ ಹೋಗುತ್ತೇನೆ ಅಂತ ಕೇಳಿದ ಜಮೈಕಾದ ಕರಿಯ ಹೆಂಗಸು ಮೇರಿ ಸೀಕೋಲಳನ್ನು ಲಂಡನ್ನಿನ ಅಧಿಕಾರಿಗಳು ತಿರುಗಿಸಿ ಕಳಿಸಿದರು. ಅವಳು ಸ್ವಂತ ದುಡ್ಡಲ್ಲಿ ಹೋದಳು. ಮದ್ದಿನ ತಿಳಿವು ಅವಳಿಗೆ ತಾಯಿಯಿಂದ ಬಂದದ್ದು. ಸತ್ತ ಮೇಲೆ ನೂರು ವರ್ಷ ಅವಳನ್ನು ಮರೆತರು. ಕರಿಯ ನರ್ಸುಗಳು ಹಟ ಹಿಡಿದು ಹುಡುಕಿ ತೆಗೆದರು. 2016ರಲ್ಲಿ ನೈಟಿಂಗೇಲ್ ಶಾಲೆ ಇದ್ದ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲೇ ಅವಳ ಪ್ರತಿಮೆ ನಿಂತಿತು.

ನಮ್ಮಲ್ಲಿ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಇದ್ದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದಕ್ಕೂ ದುಡ್ಡು ಪಡೆದವರಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಮನುಸ್ಮೃತಿ ಸುಟ್ಟ ದಿನ ಅದು, ನನಗೆ ಹಾಗೇ ನೆನಪಾಗುತ್ತದೆ. ಶಾಲು, ಹಾರ, ಡಾಕ್ಟರೇಟ್ ಎಲ್ಲ ಸರಿ. ಆದರೆ ಹೊಟ್ಟೆಯ ಮೇಲೆ ಕೈ ಇಟ್ಟು ಆ ತಾಯಿ ತಿಳಿದದ್ದರಲ್ಲಿ ಎಷ್ಟು ಯಾವ ನರ್ಸಿಂಗ್ ಶಾಲೆಯ ಪಾಠವಾಯಿತು? ಸನ್ಮಾನ ಮಾಡುವುದು ಬೇರೆ, ಕಲಿಯುವುದು ಬೇರೆ. ಸೂಲಗಿತ್ತಿಯರ ಎಲ್ಲ ಪದ್ಧತಿಯೂ ಸರಿ ಅಂತ ನಾನು ಹಠ ಮಾಡುವುದಿಲ್ಲ. ಕೊಳಕು ಕುಡುಗೋಲಿನಲ್ಲಿ ಬಳ್ಳಿ ಕೊಯ್ದು ಧನುರ್ವಾಯುವಿಗೆ ಸತ್ತ ಕೂಸುಗಳೂ ನಮ್ಮ ಕೇರಿಯವೇ. ತಿಳಿವನ್ನು ಪರೀಕ್ಷೆಗೆ ಒಡ್ಡಲಿ, ಸುಳ್ಳಾದದ್ದು ಬಿದ್ದುಹೋಗಲಿ. ಆದರೆ ಪರೀಕ್ಷೆಗೆ ಒಡ್ಡಬೇಕಾದರೆ ಮೊದಲು ಅದನ್ನು ತಿಳಿವು ಅಂತ ಎಣಿಸಬೇಕಲ್ಲ.

ಹಾಗಾಗಿ ಸಂಶೋಧಕರಲ್ಲಿ ಕೇಳುವುದು ಇಷ್ಟೇ. ಹತ್ತು ವರ್ಷ ವಾರ್ಡಿನಲ್ಲಿ ದುಡಿದ ಆಯಾಳಿಗೆ ನರ್ಸಿಂಗ್ ಕಲಿಯಲು ದಾರಿ ಮಾಡಿ, ಆ ಹತ್ತು ವರ್ಷವನ್ನು ಲೆಕ್ಕಕ್ಕೆ ಹಿಡಿಯಿರಿ. ಪಾಠ ಇಂಗ್ಲಿಷಿನಲ್ಲಿ ಮಾತ್ರ ಅಂತ ನಮ್ಮ ಹುಡುಗಿಯರನ್ನು ಮೊದಲ ವರ್ಷವೇ ಉದುರಿಸಬೇಡಿ. ರೋಗಿ ನರಳುವುದು ಇಂಗ್ಲಿಷಿನಲ್ಲಿ ಅಲ್ಲ. ಕಾಲನಿಗೆ ಬಂದು ಬರೆದುಕೊಂಡು ಹೋದದ್ದನ್ನು ಮತ್ತೆ ಕಾಲನಿಗೆ ತಂದು, ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ. ನಾವು ತಪ್ಪಿದ್ದರೆ ತಿದ್ದುತ್ತೇವೆ. ನೀವು ತಪ್ಪಿದ್ದರೂ ತಿದ್ದುತ್ತೇವೆ.

ಮಾಸ್ತರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಬೇರೆ ಕೆಲಸ ಇದೆ. ಸೂಲಗಿತ್ತಿಯರ, ಆಯಾಗಳ, ಬಾಣಂತಿ ಮೀಸಿದ ಅಜ್ಜಿಯರ ತಲೆಮಾರು ಮುಗಿಯುತ್ತಾ ಬಂದಿದೆ. ರಜೆಯಲ್ಲಿ ಒಂದು ನೋಟ್‌ಬುಕ್ಕು ಹಿಡಿದು ನಿಮ್ಮ ಕೇರಿಯಲ್ಲಿ ಕೂತುಕೊಳ್ಳಿ. ಪ್ರಶ್ನಾವಳಿ ಬೇಡ. ಹೆಸರು ಬರೆಯಿರಿ, ಊರು ಬರೆಯಿರಿ, ಯಾರಿಂದ ಕಲಿತರು, ಕೂಸು ಅಡ್ಡ ಬಿದ್ದದ್ದು ಕೈಗೆ ಹೇಗೆ ಗೊತ್ತಾಗುತ್ತಿತ್ತು, ಯಾವ ಮನೆಯ ಯಾವ ಬಾಗಿಲಿನಿಂದ ಒಳಗೆ ಬಿಟ್ಟರು, ಕೆಲಸ ಮುಗಿದ ಮೇಲೆ ಎಲ್ಲಿ ಕೂರಿಸಿ ಏನು ಕೊಟ್ಟರು. ಕೊಡದೆ ಕಳಿಸಿದ್ದರೆ ಅದನ್ನೂ ಬರೆಯಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಈ ಪತ್ರಿಕೆಗೆ ಕಳಿಸಿ. ಅಪ್ಪೆಯದ್ದನ್ನು ನಾನು ಸುರು ಮಾಡಿದ್ದೇನೆ. ಹದಿನಾಲ್ಕು ಪುಟ ಆಗಿದೆ, ಇನ್ನೂ ಮೊದಲ ವಾರ್ಡು ದಾಟಿಲ್ಲ.